ಮಾವನ ಅಂಗೈಯ ಸಿಡಿಲುಗಲ್ಲು

ಯುಗಾದಿ ಕಳೆದು ಸಂಜೆ ಹೊತ್ತಿಗೆ ಮೋಡ ಕಟ್ಟುವ ದಿನಗಳು ಶುರುವಾಗಿದ್ದವು. ನಾನು ಚಿತ್ರದುರ್ಗದ ಹಾಸ್ಟೆಲ್ಲಿನ ಹಿಂದೆ ಬಟ್ಟೆ ಒಗೆಯುತ್ತಿದ್ದಾಗ ಅತ್ತೆಯ ಫೋನ್ ಬಂತು. ಅತ್ತೆ ಎಂದರೆ ನನ್ನ ಅವ್ವನ ತಮ್ಮನ ಹೆಂಡತಿ. ಧರ್ಮಪುರದ ಆಚೆ, ಆಂಧ್ರದ ಗಡಿಗೆ ಹತ್ತಿರದ ಒಂದು ಹಟ್ಟಿಯಲ್ಲಿ ಅವರ ಮನೆ, ಅದರ ಪಕ್ಕದಲ್ಲೇ ಕುರಿ ಕೂಡಿಹಾಕುವ ರೊಪ್ಪ.

"ನಿನ್ನೆ ಗುಡುಗಿತು ಕಣಮ್ಮ. ನಿಮ್ಮ ಮಾವ ಆ ಕಲ್ಲು ಹಿಡ್ಕಂಡು ಬೀಳು ಹೊಲದಾಗೆ ನಿಂತ್ಕಂಡಿದ್ದ. ನಾನು ಬಾಗಿಲಾಗೆ ನಿಂತು ನೋಡ್ತಿದ್ದೆ. ಮಿಂಚಿದ್ರೆ ಕಾಣ್ತಿದ್ದ, ಮಿಂಚು ಹೋದ್ರೆ ಕಾಣ್ತಿರ್ಲಿಲ್ಲ. ಇನ್ನೊಂದ್ಸಲ ಮಿಂಚಲಪ್ಪ ಅಂತ ಬೇಡ್ಕಬೇಕೋ, ಮಿಂಚಬ್ಯಾಡ ಅಂತ ಬೇಡ್ಕಬೇಕೋ ಗೊತ್ತಾಗ್ಲಿಲ್ಲ ನಂಗೆ."

ಅತ್ತೆ ಮುಂದುವರಿಸಿದಳು.

"ವಾದ ಮಾಡಿ ಮಾಡಿ ಅಷ್ಟೊಂದು ಕಪ್ ಗೆದ್ದು ತಂದಿದೀಯ, ಇಡಾಕೆ ಜಾಗ ಇಲ್ಲ ಅಂತಾಳೆ ನಿಮ್ಮವ್ವ. ಬಂದು ಅವನ್ನೊಂದ್ಸಲ ಸೋಲ್ಸು. ನನ್ ಮಾತು ಅವನಿಗೆ ಗಾಳಿ. ನಿನ್ ಮಾತಾದ್ರೆ ನಿಂತು ಕೇಳ್ತಾನೆ."

ಆ ಕಲ್ಲಿನ ವಿಷಯ ಹೇಳಬೇಕು. ಅವ್ವನ ತವರಿನಲ್ಲಿ ಅದನ್ನು ಸಿಡಿಲುಗಲ್ಲು ಅನ್ನುತ್ತಾರೆ. ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರ, ಚಿಕ್ಕ ಬನ್ನಿನ ಆಕಾರ, ಮೇಲುಗಡೆ ಉಬ್ಬು, ಅಡಿಯಲ್ಲಿ ಚಪ್ಪಟೆ. ಉಬ್ಬಿನ ನೆತ್ತಿಯಿಂದ ಐದು ದಳಗಳು ಕೆಳಗಿಳಿದಿವೆ. ಪ್ರತಿ ದಳದ ಅಂಚಿಗೂ ಸೂಜಿಯಲ್ಲಿ ಚುಚ್ಚಿದಂಥ ಜೋಡಿ ಜೋಡಿ ತೂತು. ಸಿಡಿಲು ನೆಲಕ್ಕೆ ಬಡಿದಾಗ ಐದು ಬೆರಳೂರಿ ಬಿಟ್ಟುಹೋದ ಗುರುತು ಅದು ಎಂದು ಮನೆಯವರ ನಂಬಿಕೆ. ಅಜ್ಜನ ಅಜ್ಜ ಯಾರಿಗೋ, ಸಿಡಿಲು ಹೊಡೆದ ಮರದ ಬುಡದಲ್ಲಿ ಸಿಕ್ಕಿತಂತೆ.

ದೇವರಗೂಡಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಅದಕ್ಕೊಂದು ಕೆಲಸವಿದೆ. ಮಳೆಗಾಲಕ್ಕೆ ಮುಂಚಿನ ಗುಡುಗು ಶುರುವಾದಾಗ ಆ ಮನೆಯ ಒಬ್ಬರು ಕಲ್ಲನ್ನು ಹಿಡಿಯಬೇಕು. ಚಪ್ಪಲಿ ಬಿಟ್ಟು, ತಲೆಯ ಕಂಬಳಿ ತೆಗೆದು, ಮಂದೆಯ ನಡುವೆ ನೆಟ್ಟಗೆ ನಿಂತು, ಬಲಗೈಯನ್ನು ತಲೆಯ ಮಟ್ಟಕ್ಕೆ ಎತ್ತಿ, ಅಂಗೈಯಲ್ಲಿ ಕಲ್ಲಿಟ್ಟುಕೊಂಡು ಮೋಡಕ್ಕೆ ತೋರಿಸಬೇಕು. ಗುಡುಗು ಊರು ದಾಟುವವರೆಗೂ ಕೂರಬಾರದು. ಹಟ್ಟಿಯ ಉಳಿದ ಕುರಿಗಾಹಿಗಳು ತಮ್ಮ ಕುರಿಗಳನ್ನೆಲ್ಲ ತಂದು ಮಾವನ ಮಂದೆಗೆ ಸೇರಿಸಿ, ತಾವು ತಗ್ಗಿಗೆ ಹೋಗಿ ಕಂಬಳಿ ಕೊಪ್ಪೆ ಹಾಕಿಕೊಂಡು ಕೂರುತ್ತಾರೆ. ಅಂದರೆ ಇಡೀ ಬಯಲಿನಲ್ಲಿ ಕುರಿಗಳಿಗಿಂತ, ಮನುಷ್ಯರಿಗಿಂತ ಎತ್ತರವಾಗಿ, ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ, ಕೈ ಮೇಲೆತ್ತಿ ನಿಲ್ಲುವ ಒಬ್ಬ ಮನುಷ್ಯ. ಸಿಡಿಲಿಗೆ ವಿಳಾಸ ಬರೆದು ಕೊಡಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಹೋದ ವರ್ಷ ಮಾರಿಕಣಿವೆ ಕಡೆ ಒಬ್ಬ ಕುರಿಗಾಹಿ ಸಿಡಿಲಿಗೆ ಸತ್ತಿದ್ದ. ಮಾವ ಅದಕ್ಕೆ ಅಂದಿದ್ದು ಒಂದೇ ಮಾತು: "ಅವನತ್ರ ಕಲ್ಲು ಇರ್ಲಿಲ್ಲ."

ಈಗ ನನ್ನ ವಿಷಯ. ನಾನು ಯಾವುದನ್ನೂ ಸುಲಭಕ್ಕೆ ನಂಬುವವಳಲ್ಲ. ಪಿಯುಸಿಯಿಂದ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿದವಳು. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ, ಚೀಟಿಯಲ್ಲಿ ಬಂದ ಕಡೆ ನಿಂತು ಎದುರಾಳಿಯ ಕಾಲ ಕೆಳಗಿನ ನೆಲ ಕೀಳುವುದು ನನ್ನ ವಿದ್ಯೆ. ಚಂದ್ರವಳ್ಳಿಯ ಗುಹೆಯೊಳಗೆ ದೀಪ ಆರಿಸಿ ಗೆಳತಿಯರು ಕಿರುಚಿಕೊಂಡಾಗ ನಾನು ಬೋರಾಗಿ ಆಕಳಿಸಿದ್ದೆ. ಆದರೆ ಗುಡುಗು ಬಂದರೆ ನಾನು ಮನುಷ್ಯಳೇ ಅಲ್ಲ. ಹೊಸದುರ್ಗದ ನಮ್ಮ ಶೀಟಿನ ಮನೆಯಲ್ಲಿ ಚಿಕ್ಕವಳಿದ್ದಾಗ ರಾಗಿ ಡ್ರಮ್ಮಿನ ಹಿಂದೆ ಹೋಗಿ ಕೂರುತ್ತಿದ್ದೆ. ಈಗಲೂ ಹಾಸ್ಟೆಲ್ಲಿನ ಮಂಚದ ಮೇಲೆ ಕಾಲು ಮಡಚಿಕೊಂಡು, ಮಿಂಚು ಕಂಡಲ್ಲಿಂದ ಗುಡುಗು ಕೇಳುವ ತನಕ ಎಣಿಸುತ್ತಾ, ಎಣಿಕೆ ಚಿಕ್ಕದಾದಂತೆಲ್ಲ ಉಸಿರು ಕಳಕೊಳ್ಳುತ್ತೇನೆ. ನಂಬಿಕೆ ಇಲ್ಲದವರಿಗೆ ಭಯ ಇರಲ್ಲ ಅಂತ ತಿಳಿದವರಿದ್ದಾರೆ. ತಪ್ಪು. ದೆವ್ವಕ್ಕೆ ಹೆದರುವವರಿಗೆ ತಾಯತವಾದರೂ ಇದೆ. ಸಿಡಿಲಿಗೆ ಹೆದರುವ ನನಗೆ ಇದ್ದದ್ದು ಭೌತಶಾಸ್ತ್ರದ ಪುಸ್ತಕ, ಅದೋ ಓದಿದಷ್ಟೂ ಹೆದರಿಸುತ್ತದೆ.

ಹೀಗಾಗಿ ಅತ್ತೆ ಬಾ ಎಂದಾಗ ನನಗೆ ಮೊದಲು ಬಂದದ್ದು ಬೇಡ ಎನ್ನುವ ಆಸೆ. ಆದರೆ ಮಿಂಚಿನಲ್ಲಿ ಕಾಣುವ, ಮತ್ತೆ ಕಾಣದಾಗುವ ಮಾವ ಕಣ್ಣಿಂದ ಹೋಗಲಿಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುರಿ ತೋರಿಸಿದ ಮನುಷ್ಯ. ಅವನಿಗೆ ಸಿಡಿಲು ಹೊಡೆಯುವುದು ಖಂಡಿತ, ಯಾವಾಗ ಎಂಬುದಷ್ಟೇ ಪ್ರಶ್ನೆ ಅಂತ ನನಗನಿಸುತ್ತಿತ್ತು.

ವಾದಕ್ಕೆ ಸಾಮಗ್ರಿ ಬೇಕಲ್ಲ. ಅತ್ತೆಯಿಂದ ಕಲ್ಲಿನ ಫೋಟೊ ತರಿಸಿಕೊಂಡು ಭೂವಿಜ್ಞಾನ ಕಲಿಸುವ ಮೇಷ್ಟ್ರೊಬ್ಬರ ಹತ್ತಿರ ಹೋದೆ. ಅವರು ಮೊಬೈಲನ್ನು ಕಿಟಕಿಯ ಬೆಳಕಿಗೆ ಹಿಡಿದು ದೊಡ್ಡದು ಮಾಡಿ ಚಿಕ್ಕದು ಮಾಡಿ ನೋಡಿದರು.

"ಪಳೆಯುಳಿಕೆ ಇದು. ಸೀ ಅರ್ಚಿನ್. ಮೈಮೇಲೆ ಮುಳ್ಳಿರುವ ಕಡಲಿನ ಜೀವಿ, ಮುಳ್ಳು ಉದುರಿ ಚಿಪ್ಪು ಕಲ್ಲಾಗಿದೆ. ನಿಮ್ಮೂರಲ್ಲಿ ಸಿಕ್ಕಿದ್ದು ಅಂದ್ರೆ ಮಾತ್ರ ನಾನು ಒಪ್ಪಲ್ಲ. ನಮ್ಮ ಜಿಲ್ಲೆಯ ಬಂಡೆ ಹುಟ್ಟಿದಾಗ ಚಿಪ್ಪಿರೋ ಪ್ರಾಣಿ ಒಂದೂ ಇರಲಿಲ್ಲ. ತಮಿಳುನಾಡಿನ ಸುಣ್ಣಕಲ್ಲಿನ ಸೀಮೆಯಲ್ಲಿ ಇಂಥವು ಸಿಗ್ತವೆ. ಯಾತ್ರೆಗೆ ಹೋದೋರು ಯಾರೋ ತಂದಿರಬೇಕು."

"ಇಂಥ ಪ್ರಾಣಿ ಈಗಲೂ ಇದಾವಾ ಸರ್?"

"ಸೀ ಅರ್ಚಿನ್ ಬೇಕಾದಷ್ಟಿವೆ. ಇದರ ಕುಟುಂಬ ಇಲ್ಲ. ಅಡಿಭಾಗ ನೋಡದೆ ಖಂಡಿತ ಹೇಳಬಾರದು, ಆದ್ರೂ ನನ್ನ ಅಂದಾಜು ಸರಿಯಿದ್ರೆ ಇಡೀ ಕುಟುಂಬವೇ ನಿರ್ವಂಶ. ಕೋಟಿಗಟ್ಟಲೆ ವರ್ಷ ಬಾಳಿದ ಮನೆತನ, ಕೊನೆಗೆ ಒಂದು ಮರಿಯೂ ಉಳಿಯಲಿಲ್ಲ."

ಅವರು ಅದನ್ನು ಹೇಳಿದ ರೀತಿ ಸಾಧಾರಣವಾಗಿತ್ತು. ನಾನು ಅದನ್ನೇ ಹಿಡಿದುಕೊಂಡೆ. ಒಂದು ಮನೆತನ ಪೂರ್ತಿ ಅಳಿದುಹೋದ ಮೇಲೂ ಅದರ ಚಿಪ್ಪನ್ನು ಹಿಡಿದು ಒಬ್ಬ ಮನುಷ್ಯ ಕಾಯಪ್ಪ ಎಂದು ಬಯಲಲ್ಲಿ ನಿಂತಿದ್ದಾನೆ. ಇದೇ ನನ್ನ ವಾದದ ಮೊದಲ ಮಾತು ಎಂದು ಹಿರಿಯೂರಿನ ಬಸ್ಸಿನಲ್ಲೇ ನಿರ್ಧರಿಸಿದೆ. ಹಿರಿಯೂರಿನಲ್ಲಿ ಇಳಿದು ಧರ್ಮಪುರದ ಬಸ್ಸು ಹತ್ತಿ, ಎದುರಾಳಿ ಏನೆಂದಾನು, ಅದಕ್ಕೆ ನಾನೇನು ಹೇಳಲಿ ಎಂದು ತುಟಿ ಆಡಿಸುತ್ತ ಹೋದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಂತ್ರ ಹೇಳ್ತಿದ್ದಾಳೆ ಅಂದುಕೊಂಡಿರಬೇಕು, ನಡುವೆ ಮಾತಾಡಿಸಲಿಲ್ಲ.

ಮಟಮಟ ಮಧ್ಯಾಹ್ನ ಹಟ್ಟಿ ತಲುಪಿದೆ. ಅತ್ತೆ ನೀರು ಕೊಟ್ಟು, ಕೂರಲೂ ಬಿಡದೆ ಬುತ್ತಿ ಗಂಟು ಕೈಗಿಟ್ಟಳು. "ಬೀಳಾಗೆ ಅವ್ನೆ. ಉಂಡ ಮೇಲೆ ಶುರು ಮಾಡು. ಹಸಿದಾಗ ಯಾರ ಮಾತೂ ಕೇಳಲ್ಲ." ನಾನು ಆಕಾಶ ನೋಡಿದೆ. ಬಿಸಿಲು ಕಾದ ಹಂಚಿನಂತಿತ್ತು, ಮೂಡಲಿಗೆ ಹತ್ತಿಯಂಥ ಒಂದು ಮೋಡ. ಧೈರ್ಯ ಮಾಡಿ ಹೊರಟೆ.

ಬೀಳು ಎಂದರೆ ಶೇಂಗಾ ಕಿತ್ತ ಮೇಲೆ ಉಳುಮೆಯಿಲ್ಲದೆ ಬಿದ್ದಿರುವ ಹೊಲಗಳ ಸಾಲು. ಅಲ್ಲೊಂದು ಇಲ್ಲೊಂದು ಬಂದ್ರೆ ಗಿಡ, ಒಂದು ಕಡೆ ಒಂಟಿ ಜಾಲಿಮರ. ದೂರದ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನುಗಳು ನಿಂತಿದ್ದವು, ಒಂದೂ ತಿರುಗುತ್ತಿರಲಿಲ್ಲ. ಮಾವ ನನ್ನನ್ನು ಕಂಡದ್ದೇ ಕೋಲು ಎತ್ತಿ ಕೂಗಿದ.

"ಬಂದ್ಳಪ್ಪ ವಕೀಲಮ್ಮ! ಯಾರ ಕೇಸು ತಗಂಡು ಬಂದೆ?"

"ನಿನ್ ಹೆಂಡ್ತಿದು."

"ಫೀಜು ಏನು ಕೊಡ್ತಾಳಂತೆ?"

"ನಿನ್ನ ಜೀವ."

ಅವನು ನಕ್ಕ. ಬುತ್ತಿ ಬಿಚ್ಚಿ ಶೇಂಗಾ ಚಟ್ನಿಗೆ ರೊಟ್ಟಿ ಮುರಿದು ತಿನ್ನತೊಡಗಿದ. ಆ ಹೊತ್ತಿಗೆ ಹಟ್ಟಿಯ ಹಿರಿಯ ಕುರಿಗಾಹಿಯೊಬ್ಬರು ತಮ್ಮ ಕುರಿಗಳನ್ನು ಹೊಡಕೊಂಡು ಹತ್ತಿರ ಬಂದು ನಿಂತರು. ಎಲ್ಲರೂ ಅವರನ್ನು ಅಣ್ಣ ಅನ್ನುತ್ತಾರೆ, ಮಾವನೂ. ಅವರ ಮುಂದೆಯೇ ನಾನು ಶುರು ಮಾಡಿದೆ. ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದೆ. ಇದು ಸಿಡಿಲಿನ ಬೆರಳಲ್ಲ, ಕಡಲಿನ ಪ್ರಾಣಿಯ ಚಿಪ್ಪು. ಅದರ ಕುಟುಂಬವೇ ನಾಶವಾಗಿದೆ. ತನ್ನ ಮರಿಗಳನ್ನೇ ಉಳಿಸಿಕೊಳ್ಳದ್ದು ನಿನ್ನನ್ನು ಹೆಂಗೆ ಉಳಿಸುತ್ತದೆ?

ಮಾವ ಅಗಿಯುವುದನ್ನು ನಿಲ್ಲಿಸದೆ ಅಂದ: "ಅದರ ಕುಟುಂಬ ಹೋದ್ರೇನು, ನಮ್ಮ ಕುಟುಂಬ ಐತಲ್ಲ. ಅಜ್ಜ, ಮುತ್ತಜ್ಜ, ಎಲ್ಲರೂ ಹಿಡಿದೋರೇ. ಯಾರಿಗಾದ್ರೂ ಬಡೀತಾ?"

"ಬಡಿದಿಲ್ಲ ಅಂದ್ರೆ ಬಡಿಯಲ್ಲ ಅಂತಲ್ಲ ಮಾವ. ಬಸ್ಸಿನ ಟಾಪ್ ಮೇಲೆ ಇಷ್ಟು ವರ್ಷ ಕೂತು ಬಂದೆ, ಬೀಳ್ಲಿಲ್ಲ ಅಂದಂಗಾಯ್ತು."

"ಬಿದ್ದಿಲ್ವಲ್ಲ?"

ಅಣ್ಣ ಬಾಯಿಬಿಟ್ಟು ನಕ್ಕರು. "ಇವಳ್ನ ನೀನೇ ಮದಿವಿ ಆಗಿದ್ರೆ ಗೊತ್ತಾಗ್ತಿತ್ತು ಕಣಪ್ಪ, ಸಿಡಿಲು ಅಂದ್ರೆ ಏನು ಅಂತ."

ನನಗೆ ಕೋಪ ಬಂತು. ಸೋಲುತ್ತಿದ್ದೆ. ಮಾವ ವಾದ ಗೆಲ್ಲುವುದು ತರ್ಕದಿಂದಲ್ಲ, ಅವನಿಗೆ ಕೇಳಿಸಿಕೊಳ್ಳುವ ಜನ ಇದ್ದರು. ಆಗಲೇ ನನಗೆ ನಿಜವಾದ ಕಷ್ಟ ತಿಳಿದದ್ದು: ಕಲ್ಲು ಬಿಟ್ಟರೆ ಅವನು ಬರೀ ಕುರಿ ಕಾಯುವವನು. ಕಲ್ಲು ಹಿಡಿದರೆ ಇಡೀ ಹಟ್ಟಿಯ ಕುರಿ ಅವನ ಸುತ್ತ ಬಂದು ನಿಲ್ಲುತ್ತವೆ. ಅದನ್ನು ಬಿಟ್ಟು ತಗ್ಗಿಗೆ ಇಳಿ ಎನ್ನಲು ನನ್ನಲ್ಲಿ ಯಾವ ವಾದವಿತ್ತು?

ಅಷ್ಟರಲ್ಲಿ ಬಿಸಿಲು ಹೋಯಿತು. ಮಾತಿನ ಭರದಲ್ಲಿ ನಾನು ಮೂಡಲಿಗೆ ಬೆನ್ನು ಹಾಕಿ ಕೂತಿದ್ದೆ. ತಿರುಗಿ ನೋಡಿದರೆ ಹತ್ತಿಯಂತಿದ್ದದ್ದು ಮಸಿಯಾಗಿತ್ತು. ಗುಡ್ಡದ ಮೇಲಿನ ಫ್ಯಾನುಗಳು ಒಮ್ಮೆಲೇ ತಿರುಗತೊಡಗಿದವು. ಮಣ್ಣಿನ ವಾಸನೆಯ ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು. ಆಮೇಲೆ ಮೊದಲ ಮಿಂಚು.

ನಾನು ಎಣಿಸಿದೆ. ಎಣಿಕೆ ಬಹಳ ದೂರ ಹೋಗಲಿಲ್ಲ.

"ಮಾವ, ಮನೆಗೆ ಹೋಗಾಣ. ಓಡಾಣ."

"ಕುರಿ ಬಿಟ್ಟಾ?" ಅವನು ಎದ್ದು ಬಾಯಿ ಒರೆಸಿಕೊಂಡ. ಸೊಂಟದ ಚೀಲದಿಂದ ಕಲ್ಲು ತೆಗೆದ. ಚಪ್ಪಲಿ ಬಿಟ್ಟ. ಎಲ್ಲವನ್ನೂ ಸ್ನಾನಕ್ಕೆ ಹೊರಟವನಂತೆ ನಿಧಾನವಾಗಿ ಮಾಡಿದ. ಅಣ್ಣ ಮತ್ತು ಇನ್ನಿಬ್ಬರು ಕುರಿಗಾಹಿಗಳು ತಮ್ಮ ಮಂದೆಗಳನ್ನು ಅರಚುತ್ತ ತಂದು ಕೂಡಿಸಿ ತಗ್ಗಿನ ಕಡೆ ಇಳಿದರು. ಇಳಿಯುವಾಗ ಅಣ್ಣ ನನ್ನನ್ನು ಕರೆದರು. "ಬಾರವ್ವ ನೀನು, ಕುಂತ್ಕ ಬಾ. ಅವನು ನೋಡ್ಕಂತಾನೆ."

ನಾನು ಹೋಗಬೇಕಿತ್ತು. ಮೈಯ ಒಂದೊಂದು ನರವೂ ಹೋಗು ಅನ್ನುತ್ತಿತ್ತು. ಹನಿ ಶುರುವಾಯಿತು, ದಪ್ಪ ಹನಿ, ಬಿದ್ದಲ್ಲಿ ನೋಯುವಂಥವು. ಎರಡನೇ ಗುಡುಗಿಗೆ ನಾನು ಇದ್ದಲ್ಲೇ ಕುಕ್ಕರಗಾಲಲ್ಲಿ ಕೂತು ಎರಡೂ ಕಿವಿ ಮುಚ್ಚಿಕೊಂಡೆ. ಕುರಿಗಳ ಕಾಲುಗಳ ನಡುವೆ ಮಾವನ ಬರಿಗಾಲು ಕಾಣುತ್ತಿತ್ತು. ಬೆರಳುಗಳ ಸಂದಿಯಲ್ಲಿ ಕೆಸರು ಏಳುತ್ತಿತ್ತು.

"ಮಾವ, ಕೂತ್ಕ! ನಿನ್ ಕಾಲಿಗೆ ಬೀಳ್ತೀನಿ!"

"ಕೂರಬಾರದು ಕಣೇ. ನೀನು ಹೋಗು ತಗ್ಗಿಗೆ!"

"ಕಲ್ಲು ಕಾಯುತ್ತಾ?"

"ಕಾಯ್ತದೆ!"

"ಯಾರು ಹಿಡಿದ್ರೂ?"

"ನಮ್ ಮನೇರು ಯಾರು ಹಿಡಿದ್ರೂ!"

ಆ ಹೆದರಿಕೆಯ ನಡುವೆಯೂ ತಲೆಯ ಒಂದು ಮೂಲೆ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಎದುರಾಳಿ ತಾನೇ ಒಪ್ಪಿದ ಮಾತನ್ನು ಅವನ ಕೈಗೇ ಕೊಡಬೇಕು, ಅದೇ ನಾವು ಕಲಿತದ್ದು. ನನ್ನ ಅಜ್ಜಿ, ಮಾವನ ತಾಯಿ, ಅಜ್ಜ ಕಾಯಿಲೆ ಬಿದ್ದ ವರ್ಷ ಕಲ್ಲು ಹಿಡಿದಿದ್ದಳು. ಹೆಂಗಸರು ಹಿಡಿಯಬಾರದೆಂಬ ನಿಯಮವಿಲ್ಲ. ನಾನು ಆ ಮನೆಯ ಮಗಳ ಮಗಳು. ನಾನು ಎದ್ದೆ. ಎದ್ದೆ ಎಂದು ಬರೆಯುವುದು ಸುಲಭ. ಎರಡೂ ಕೈ ಕೆಸರಿಗೆ ಊರಬೇಕಾಯಿತು. ಚಪ್ಪಲಿ ಬಿಚ್ಚಿ, ಕುರಿಗಳನ್ನು ತಳ್ಳಿಕೊಂಡು ಹೋಗಿ, ಅವನ ಅಂಗೈಯಿಂದ ಕಲ್ಲನ್ನು ಕಿತ್ತುಕೊಂಡೆ. ಮಳೆಯಲ್ಲಿ ನೆನೆದಿದ್ದರೂ ಅದು ಅವನ ಕೈಯಷ್ಟೇ ಬೆಚ್ಚಗಿತ್ತು.

"ಈಗ ನಾನು ಹಿಡಿದೋಳು. ನೀನು ಕೂತ್ಕ."

ಮಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಕೈ ಎತ್ತಿದ ಮೇಲೆ ಅರ್ಥವಾಯಿತು.

"ಕೊಡೇ ಇಲ್ಲಿ!"

"ಯಾಕೆ? ಕಾಯ್ತದಲ್ಲ!"

"ತಮಾಸಿ ಮಾಡಬ್ಯಾಡ, ಕೊಡು!"

"ಕಾಯ್ತದೆ ಅಂದ್ಯಲ್ಲ ಮಾವ! ನಂಗೂ ಕಾಯ್ತದೆ ಬಿಡು!"

ಅವನ ಮುಖವನ್ನು ನಾನು ಆ ಮಿಂಚಿನಲ್ಲಿ ಪೂರ್ತಿ ನೋಡಿದೆ. ಇಷ್ಟು ವರ್ಷ ಗುಡುಗಿನ ಕೆಳಗೆ ನಿಂತ ಮನುಷ್ಯನ ಮುಖದಲ್ಲಿ ಮೊದಲ ಸಲ ಭಯವಿತ್ತು. ಅದು ನನ್ನದೇ ಭಯ, ಕನ್ನಡಿಯಲ್ಲಿ ನೋಡಿದಂತೆ. ನಾನು ಗೆದ್ದಿದ್ದೆ. ಆದರೆ ಗೆದ್ದ ಕ್ಷಣಕ್ಕೇ ನನಗೆ ಕೂರಲು ಆಗುತ್ತಿರಲಿಲ್ಲ. ಕಾಲು ಮರಗಟ್ಟಿತ್ತು. ಕೈ ಇಳಿಸಬೇಕು ಅಂದುಕೊಂಡೆ, ಇಳಿಯಲಿಲ್ಲ. ವಾದ, ಪುಸ್ತಕ, ಮೇಷ್ಟ್ರು, ಏನೂ ನೆನಪಿರಲಿಲ್ಲ. ಬೇಡ, ಬೇಡ, ಬೇಡ ಎಂದು ಯಾರಿಗೋ ಹೇಳುತ್ತಿದ್ದೆ, ಯಾರಿಗೆ ಎಂದು ಇವತ್ತಿಗೂ ಹೇಳಲಾರೆ.

ಆಗ ನನ್ನ ತೋಳಿನ ಕೂದಲು ಎದ್ದು ನಿಂತವು. ಚಳಿಗೆ ಏಳುವ ಹಾಗಲ್ಲ, ಯಾರೋ ಮೇಲಿನಿಂದ ಒಂದೊಂದನ್ನೇ ಎಳೆದಂತೆ. ತಲೆಯ ಮೇಲೆ ಜೇನು ಗುಂಯ್‌ಗುಟ್ಟಿದಂಥ ಸದ್ದು. ಇದರ ಬಗ್ಗೆ ಓದಿದ್ದೆ. ಹೀಗಾದರೆ ಸಿಡಿಲು ಇಲ್ಲೇ ಬೀಳಲಿದೆ ಎಂದು ಆ ಬಯಲಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ ಕಂಬದಂತೆ ನಿಂತಿದ್ದೆ.

ಮಾವ ಪುಸ್ತಕ ಓದಿರಲಿಲ್ಲ. ನನ್ನ ತಲೆಗೂದಲು ಎದ್ದಿದ್ದನ್ನು ಕಂಡ, ಅಷ್ಟೇ. ನನ್ನ ಜಡೆ ಹಿಡಿದು ಎಳೆದ. ನಾನು ಮಗುಚಿ ಕೆಸರಿಗೆ ಬಿದ್ದೆ. ಅವನು ಕುಕ್ಕರಗಾಲಲ್ಲಿ ನನ್ನ ಪಕ್ಕ ಕೂತು, ನನ್ನ ತಲೆಯನ್ನು ತನ್ನ ಮೊಣಕಾಲಿಗೆ ಒತ್ತಿಕೊಂಡ. ಆಮೇಲೆ ಲೋಕ ಬೆಳ್ಳಗಾಯಿತು. ಸದ್ದು ಕೇಳಿಸಿತು ಎನ್ನಲಾರೆ. ಸದ್ದು ಬಂದು ಎದೆಗೆ ಒದೆಯಿತು.

ಕಣ್ಣು ಬಿಟ್ಟಾಗ ಕಿವಿಯಲ್ಲಿ ಒಂದೇ ಸಮ ಶಿಳ್ಳೆ. ಸುಟ್ಟ ವಾಸನೆ, ಒದ್ದೆ ಉಣ್ಣೆಯ ವಾಸನೆ. ಒಂಟಿ ಜಾಲಿಮರ ನೆತ್ತಿಯಿಂದ ಬುಡದವರೆಗೆ ಸೀಳಿತ್ತು, ಅದರ ಕೆಳಗೆ ನುಗ್ಗಿ ನಿಂತಿದ್ದ ಕೆಲವು ಕುರಿಗಳು ಕಾಲು ಚಾಚಿ ಮಲಗಿದ್ದವು. ಮಾವನ ಬಾಯಿ ಆಡುತ್ತಿತ್ತು. ಕಿವಿ ತೆರೆದ ಮೇಲೆ ಕೇಳಿಸಿತು: "ಅಕ್ಕಂಗೆ ಏನಂತ ಹೇಳ್ಲಿ, ಅಕ್ಕಂಗೆ ಏನಂತ ಹೇಳ್ಲಿ." ಅಕ್ಕ ಎಂದರೆ ನನ್ನ ಅವ್ವ. ನನ್ನ ಜಡೆಯನ್ನು ಅವನು ಇನ್ನೂ ಬಿಟ್ಟಿರಲಿಲ್ಲ. ಗುಡುಗು ಪಡುವಲಿಗೆ ಸರಿಯುವವರೆಗೂ ನಾವಿಬ್ಬರೂ ಹಾಗೇ ಕೂತಿದ್ದೆವು. ಮಂದೆಯ ನಡುವೆ ಆ ದಿನ ಯಾರೂ ನಿಂತಿರಲಿಲ್ಲ.

ಅಣ್ಣ ಕಂಬಳಿ ಕೊಡವುತ್ತಾ ಮೇಲೆ ಬಂದರು. ಸತ್ತದ್ದು ಅವರ ಕುರಿಗಳು. ಒಂದೊಂದರ ಹೊಟ್ಟೆಯ ಮೇಲೂ ಕೈಯಿಟ್ಟು ನೋಡಿ, ಆಮೇಲೆ ಮಾವನ ಕಡೆ ತಿರುಗಿದರು.

"ಕೂತ್ಯಾ?"

ಇದಕ್ಕೆ ನನ್ನಲ್ಲಿ ಉತ್ತರವಿತ್ತು. ನಿಂತಿದ್ದರೂ ಮರಕ್ಕೇ ಹೊಡೆಯುತ್ತಿತ್ತು, ಇಲ್ಲವೇ ನಮಗೆ. ಆದರೆ ಸತ್ತ ಕುರಿ ಮುಂದೆ ಮಲಗಿರುವಾಗ ಆ ಉತ್ತರ ಯಾರಿಗೆ ಬೇಕು?

"ಕೂತೆ," ಅಂದ ಮಾವ.

"ಅದ್ಕೇ."

"ಹೂಂ. ಕೂತಿದ್ಕೇ ಈ ಹುಡುಗಿ ಅವ್ಳೆ."

ಅಣ್ಣ ನನ್ನನ್ನು ನೋಡಿದರು, ಕೆಸರು ಮೆತ್ತಿದ ನನ್ನ ಮುಖವನ್ನು. ಬೈಯಲಿಲ್ಲ. ಅದಕ್ಕಿಂತ ಭಯವಾಗುವ ಮಾತು ಅಂದರು. "ಸರಿ ಬಿಡಪ್ಪ. ನಿನ್ನ ಕೈಲಿ ಆಗಲ್ಲ ಅಂದ್ರೆ ಕಲ್ಲು ನಂಗೆ ಕೊಡು. ನಿಮ್ ಮನೆಯೋನು ಅಲ್ದಿದ್ರೂ ನಾನು ನಿಂತ್ಕಂತೀನಿ. ಊರ ಕುರಿ ಅನಾಥ ಆಗಬಾರದು."

ಕಲ್ಲು ನನ್ನ ಕಾಲ ಹತ್ತಿರ ಕೆಸರಿನಲ್ಲಿ ಅರ್ಧ ಹೂತಿತ್ತು. ಮಾವ ಬಗ್ಗಿ ಎತ್ತಿ, ಪಂಚೆಯಲ್ಲಿ ಒರೆಸಿದ. ಅವನು ಕೊಡುತ್ತಾನೆ ಎಂದು ನನಗೆ ಅನಿಸಿತು. ಕೊಟ್ಟರೆ ಅವನು ಬದುಕಿದ, ಅತ್ತೆಯ ಕೇಸು ಗೆದ್ದಂತೆ. ಮುಂದಿನ ಗುಡುಗಿಗೆ ಈ ಮುದುಕರು ನಿಲ್ಲುತ್ತಾರೆ, ಅವರ ಮನೆಯ ಬಾಗಿಲಲ್ಲಿ ಇನ್ನೊಬ್ಬ ಹೆಂಗಸು. ನಾನು ಬಾಯಿ ಬಿಟ್ಟೆ. ವಾದ ಹೊರಡಲಿಲ್ಲ. ಮೇಷ್ಟ್ರನ್ನು ಕಂಡು ಬಂದ ರಾತ್ರಿ ಓದಿಕೊಂಡಿದ್ದ ಒಂದು ಸಂಗತಿ ಹೊರಟಿತು.

"ಅದು ನಿಲ್ಲೋ ಪ್ರಾಣಿ ಅಲ್ಲಣ್ಣ."

"ಏನಂದೆ?"

"ಈ ಥರ ಐದು ದಳ ಇರೋವು ಸಮುದ್ರದ ತಳದಾಗೆ, ಕೆಸರಾಗೆ ಹುಗಿದ್ಕಂಡು ಇರ್ತಿದ್ವಂತೆ. ಆ ತೂತಿನಿಂದ ಉಸಿರಾಡ್ಕಂಡು. ಮೇಲೆ ಬಂದ್ರೆ ಮೀನು ತಿನ್ನುತ್ತೆ ಅಂತ ಹೊರಗೇ ಬರ್ತಿರಲಿಲ್ವಂತೆ."

ಮಾವ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದ. ಅದರ ತೂತುಗಳಲ್ಲಿ ಕೆಸರು ತುಂಬಿತ್ತು.

"ಕೇಳಿದ್ಯಾ ಅಣ್ಣ?" ಅಂದ ಕೊನೆಗೆ. "ಇದು ಹುಗಿದ್ಕಳೋ ದೇವರು. ನಾವು ಇದನ್ನ ಎತ್ತಿ ಹಿಡಿದು ಮೋಡಕ್ಕೆ ತೋರಿಸ್ತಾ ಬಂದಿದೀವಿ. ಇವತ್ತು ಅದು ತಾನೇ ಕೈ ಜಾರಿ ಮಣ್ಣಿಗೆ ಬಿತ್ತು, ಇವಳೂ ಬಿದ್ಲು, ನಾನೂ ಕೂತೆ. ಉಳಿದ್ವಿ. ನಿಂತಿದ್ದ ಮರ ನೋಡು ಏನಾಯ್ತು. ಇನ್ನು ಮೇಲೆ ಗುಡುಗಿದ್ರೆ ಕಲ್ಲು ತಗ್ಗಾಗೆ ಮಣ್ಣಾಗಿರ್ತದೆ. ಕಲ್ಲಿನ ಸುತ್ತ ನಾವು ಕೂರಾಣ. ಕುರಿ ಮರದ ಬುಡಕ್ಕೆ ಹೋಗದಂಗೆ ಚೆದುರಿಸಿ ಬಿಡಾಣ. ನಿಲ್ಲಾದು ಯಾರಿಗೂ ಇಲ್ಲ, ನಿಂಗೂ ಇಲ್ಲ."

ನನ್ನ ತಲೆಯೊಳಗಿನ ತೀರ್ಪುಗಾರರು ಒಬ್ಬೊಬ್ಬರಾಗಿ ಕೈ ಎತ್ತಿದರು. ಇದು ವಾದವೇ ಅಲ್ಲ. ಪ್ರಾಣಿ ಹುಗಿದುಕೊಳ್ಳುತ್ತಿದ್ದದ್ದು ಮೀನಿಗೆ ಹೆದರಿ, ಸಿಡಿಲಿಗಲ್ಲ. ಒಂದು ಮೂಢನಂಬಿಕೆಯನ್ನು ತೆಗೆದು ಅದೇ ಜಾಗದಲ್ಲಿ ಇನ್ನೊಂದನ್ನು ಕೂರಿಸಿದ್ದಾನೆ, ಅದಕ್ಕೆ ಇಟ್ಟಿಗೆ ಹೊತ್ತವಳು ನಾನೇ. ತಿದ್ದಬೇಕು ಎಂದು ಬಾಯಿಯವರೆಗೂ ಬಂತು. ಅಣ್ಣನ ಕಣ್ಣು ಸೀಳಿದ ಮರದ ಮೇಲಿತ್ತು. ಅವರು ಆಗಲಿ ಎಂಬಂತೆ ನಿಧಾನವಾಗಿ ತಲೆ ಆಡಿಸಿ, ಕಂಬಳಿ ಹೆಗಲಿಗೆ ಹಾಕಿಕೊಂಡು, ಸತ್ತ ಕುರಿ ಎಳೆಯಲು ಕೈಹಾಕಿದರು. ನಾನು ಬಾಯಿ ಮುಚ್ಚಿಕೊಂಡೆ. ನನ್ನ ಇಷ್ಟು ವರ್ಷದ ವೇದಿಕೆಯ ಬಾಳಿನಲ್ಲಿ ಎದುರಾಳಿಯ ಅಷ್ಟು ದೊಡ್ಡ ತಪ್ಪನ್ನು ಬಿಟ್ಟುಕೊಟ್ಟದ್ದು ಅದೊಂದೇ ಸಲ.

ಮನೆಗೆ ಬಂದಾಗ ಅತ್ತೆ ಅಂಗಳದಲ್ಲೇ ನಿಂತಿದ್ದಳು. ದೂರದಿಂದ ಎಲ್ಲ ನೋಡಿದ್ದಳು. ಮಿಂಚಿನಲ್ಲಿ ಒಬ್ಬರ ಬದಲು ಇಬ್ಬರು ನಿಂತದ್ದು, ಆಮೇಲೆ ಒಬ್ಬರೂ ಕಾಣದಾದದ್ದು. ಮಾವನಿಗೆ ಏನೂ ಅನ್ನಲಿಲ್ಲ. ನನ್ನ ಹತ್ತಿರ ಬಂದು ಕೆನ್ನೆಗೆ ಒಂದು ಬಿಟ್ಟಳು.

"ವಾದ ಮಾಡು ಅಂದ್ನಲ್ಲೇ, ಸಾಯಿ ಅಂದ್ನಾ?"

ಆಮೇಲೆ ನನ್ನ ತಬ್ಬಿಕೊಂಡು, ಬಿಸಿನೀರು ಕಾಸಲು ಒಳಗೆ ಹೋದಳು. ಅವಳು ಅತ್ತದ್ದು ಒಲೆಯ ಹೊಗೆಗೆ ಎಂದು ಮಾವ ಹೇಳಿದ. ನಾನು ಅದನ್ನೂ ಪ್ರಶ್ನಿಸಲಿಲ್ಲ.

ಇದರಿಂದ ನನ್ನ ಭಯ ಕಡಿಮೆಯಾಯಿತು ಎಂದು ಯಾರಾದರೂ ಭಾವಿಸಿದ್ದರೆ, ಇಲ್ಲ. ಹೆಚ್ಚಾಯಿತು. ಮೊದಲು ಗುಡುಗಿಗೆ ನನಗಾಗಿ ಹೆದರುತ್ತಿದ್ದೆ, ಈಗ ಆ ಬಯಲಿಗೂ ಸೇರಿಸಿ ಹೆದರುತ್ತೇನೆ. ಹೊಸ ನಿಯಮ ಎಷ್ಟು ದಿನ ನಿಲ್ಲುತ್ತದೋ? ಯಾರೋ ಒಬ್ಬರ ಕುರಿಗೆ ಸಿಡಿಲು ಬಡಿದರೆ, ಹಳೆಯದೇ ಸರಿ ಇತ್ತು ಅಂತ ಯಾರಾದರೂ ಎದ್ದು ನಿಂತರೆ? ಚಿತ್ರದುರ್ಗದ ಕೋಟೆಯ ಬಂಡೆಗಳ ಮೇಲೆ ಆಕಾಶ ಕಪ್ಪಾದರೆ ನಾನು ಮೊದಲು ಮೂಡಲ ಕಡೆ ನೋಡುತ್ತೇನೆ.

ಮೊನ್ನೆಯೂ ಹಾಗೇ ಆಯಿತು. ಹಾಸ್ಟೆಲ್ಲಿನ ಕಿಟಕಿಯಲ್ಲಿ ಹಿರಿಯೂರಿನ ಕಡೆ ಆಕಾಶ ಹತ್ತಿ ಉರಿಯುತ್ತಿತ್ತು. ಮಾವನಿಗೆ ಫೋನ್ ಹಚ್ಚಿದೆ. ಬಹಳ ಹೊತ್ತು ರಿಂಗಾಯಿತು. ಎತ್ತಿದಾಗ ಮೊದಲು ಕೇಳಿಸಿದ್ದು ಮಳೆ, ಆಮೇಲೆ ಕುರಿ ಕೆಮ್ಮು, ಆಮೇಲೆ ಯಾರದೋ ನಗು.

"ಮಾವ, ಎಲ್ಲಿದೀಯ?"

"ತಗ್ಗಾಗೆ. ಎಲ್ಲಾ ಕುಕ್ಕರಗಾಲಾಗೆ ಕುಂತಿದೀವಿ, ಸ್ಕೂಲ್ ಹುಡ್ರು ಕುಂತಂಗೆ. ಅಣ್ಣಂಗೆ ಮೊಣಕಾಲು ನೋವಂತೆ, ನಿಂಗೆ ಶಾಪ ಹಾಕ್ತಾ ಅವ್ನೆ."

"ನಿಜವಾಗ್ಲೂ ಕೂತಿದೀಯಾ?"

"ನಿಜ ಕಣೇ. ಫೋನಿಡು. ಗುಡುಗಾಗ ಮೊಬೈಲ್ ಹಿಡಿದ್ರೆ ಸಿಡಿಲು ಎಳೀತದೆ."

ಅದು ಸುಳ್ಳು. ಮೊಬೈಲಿಗೂ ಸಿಡಿಲಿಗೂ ಸಂಬಂಧವಿಲ್ಲ, ಎಷ್ಟು ಬೇಕಾದರೂ ಆಧಾರ ಕೊಡಬಲ್ಲೆ. ಕೊಡಲೆಂದು ಬಾಯಿ ತೆರೆದೆ. ಕಿಟಕಿ ಬೆಳ್ಳಗಾಯಿತು. ಫೋನ್ ಇಟ್ಟು, ಮಂಚದ ಮೇಲೆ ಕಾಲು ಮಡಚಿಕೊಂಡು ಎಣಿಸತೊಡಗಿದೆ.